ಮುಚ್ಚಳದ ಒಳಗಿನ ಬೊಟ್ಟು

ಮುರಗಾಂವ ಬಂದರು, ಗೋವಾ
೧೬ ಅಕ್ಟೋಬರ್ ೨೦೨೪

ಅವ್ವನಿಗೆ,

ನಾನೂ ನನ್ನ ಟ್ರಂಕೂ ಕ್ಷೇಮವಾಗಿ ಹಡಗು ಹತ್ತಿದ್ದೇವೆ. ಮೈಸೂರಿನ ಲ್ಯಾಬಿನಿಂದ ಸೀದಾ ಗೋವಾಕ್ಕೆ ಬರುವುದು ಬಿಟ್ಟು, ಬಾಟಲಿ ತುಂಬಿದ ಟ್ರಂಕನ್ನು ಹೊತ್ತುಕೊಂಡು ಮಹಾನವಮಿಗೆ ದುಂಡಸಿಗೆ ಬಂದಿದ್ದಕ್ಕೆ ಇಲ್ಲಿ ಎಲ್ಲರೂ ನನ್ನನ್ನು ನೋಡಿ ನಕ್ಕರು. ನೀನು ಖಂಡೆ ಪೂಜೆಯ ದಿನ ಅಪ್ಪನ ಬಸ್ಸಿಗೆ ಕಟ್ಟಿ ಉಳಿದ ಚೆಂಡುಹೂವನ್ನೆಲ್ಲ ಟ್ರಂಕಿಗೆ ಸುತ್ತಿದ್ದೆಯಲ್ಲ, ಅದರ ಅರ್ಧ ಹುಬ್ಬಳ್ಳಿಯಲ್ಲಿ ಉದುರಿತು, ಉಳಿದರ್ಧ ಹಡಗಿನ ತನಕ ಬಂತು. ನಮ್ಮ ಕುಲಸುಮಬಿ ಮೇಡಂ ಅದನ್ನು ನೋಡಿ, "ಏನವಾ ಸುಜಾತಾ, ಇದು ಟ್ರಂಕ್ ಐತೋ, ಮದಿಮಗಳು ಐತೋ?" ಎಂದರು. ಅವರು ಸವಣೂರಿನವರು, ನನ್ನ ಸಂಶೋಧನೆಗೆ ಗುರುಗಳು ಎಂದು ಹೇಳಿದ್ದೆನಲ್ಲ. ಇಂಗ್ಲಿಷಿನಲ್ಲಿ ಬೈದರೆ ಸಿಟ್ಟು ಕಡಿಮೆ ಎಂದೂ ನಮ್ಮ ಮಾತಿನಲ್ಲಿ ಬೈದರೆ ಸಿಟ್ಟು ನಿಜ ಎಂದೂ ತಿಳಿಯಬೇಕು.

ನೀನು ಕೇಳಿದ್ದೆ, "ಸಮುದ್ರದ ನೀರು ತುಂಬಿ ಏನು ನೋಡ್ತೀಯಬೇ?" ಎಂದು. ಬಸ್ಸಿನ ಗಡಿಬಿಡಿಯಲ್ಲಿ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ. ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದಲ್ಲಿ ರಂಜಕ ಇರುತ್ತದೆ. ಅದಿಲ್ಲದೆ ಬೆಳೆ ಏಳುವುದಿಲ್ಲ. ಸಮುದ್ರದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳಿವೆ. ಅವಕ್ಕೂ ರಂಜಕ ಬೇಕು. ದಂಡೆಯಿಂದ ದೂರ ಹೋದಂತೆ ಬಿಡಿಯಾಗಿ ಸಿಗುವ ರಂಜಕ ಮುಗಿದೇ ಹೋಗಿರುತ್ತದೆ. ಆದರೂ ಅವು ಬದುಕುತ್ತವೆ. ಹೇಗೆ? ಸತ್ತ ಜೀವಿಗಳಿಂದ, ಕೊಳೆತದ್ದರಿಂದ ನೀರಿನಲ್ಲಿ ಕರಗಿದ ಇನ್ನೊಂದು ರಂಜಕ ಇದೆ, ಸಾವಯವ ರಂಜಕ. ಅದು ಸಿಪ್ಪೆಯೊಳಗಿನ ಶೇಂಗಾ ಇದ್ದ ಹಾಗೆ, ಹಾಗೇ ತಿನ್ನಲು ಬರುವುದಿಲ್ಲ. ಈ ಜೀವಿಗಳು ಒಂದು ಕಿಣ್ವವನ್ನು ಮಾಡಿ ಅದರಿಂದ ಸಿಪ್ಪೆ ಒಡೆದುಕೊಳ್ಳುತ್ತವೆ. ನಾನು ಆ ಕಿಣ್ವವನ್ನು ಅಳೆಯುತ್ತೇನೆ. ನೀರು ತುಂಬಿದ ಬಾಟಲಿಗಳನ್ನು ಎರಡು ದಿನ ಹಡಗಿನ ಮೇಲೆ ಬಿಸಿಲಿಗಿಟ್ಟು, ಒಳಗಿನವು ಎಷ್ಟು ಸಿಪ್ಪೆ ಒಡೆದವು ಎಂದು ನೋಡುತ್ತೇನೆ.

ಇದು ಸರಿಯಾಗಿ ಬಂದರೆ ಫೆಬ್ರವರಿಯ ಹಡಗಿನಲ್ಲಿ ಈ ಕೆಲಸದ ಮುಂದಾಳು ನಾನೇ. ಬರದಿದ್ದರೆ ಆ ಜಾಗ ನಮ್ಮ ಲ್ಯಾಬಿನ ಆಸೀಮನದು. ಒಳ್ಳೆಯ ಹುಡುಗ, ಆದರೆ ನನ್ನ ಜಾಗದಲ್ಲಿ ಕೂತರೆ ಒಳ್ಳೆಯವನಾಗಿ ಉಳಿಯುವುದಿಲ್ಲ.

ನಾಳೆಯಿಂದ ಫೋನು ಸಿಗುವುದಿಲ್ಲ. ನೀನು ಮೈಸೂರಿನ ವಿಳಾಸಕ್ಕೆ ಬರೆ. ಹಾಸ್ಟೆಲ್ ದಿನಗಳಿಂದ ನಿನ್ನ ಕಾಗದ ಓದಿ ರೂಢಿ, ಫೋನಿನಲ್ಲಿ ನೀನು ಬರೀ ಊಟ ಆಯಿತೇ ಎಂದು ಕೇಳುತ್ತೀ.

ನಿನ್ನ,
ಸುಜಾತಾ


ದುಂಡಸಿ
೫ ನವೆಂಬರ್ ೨೦೨೪

ಸುಜಾತಾ,

ಊಟ ಆಯಿತೇ? ಕಾಗದದಲ್ಲೂ ಕೇಳಿದ್ದೇನೆ, ಈಗ ಏನು ಮಾಡುತ್ತೀ.

ನಿನ್ನ ಕಾಗದ ಬಂದ ದಿನ ಅಂಗನವಾಡಿಯಲ್ಲಿ ಮಕ್ಕಳಿಗೆ ಶೇಂಗಾ ಉಂಡಿ ಕೊಡುವ ದಿನವಾಗಿತ್ತು. ಒಂದು ತಟ್ಟೆಯಲ್ಲಿ ಸುಲಿದದ್ದು ಇಟ್ಟೆ, ಇನ್ನೊಂದರಲ್ಲಿ ಸಿಪ್ಪೆ ಸಮೇತ ಇಟ್ಟೆ. ಎಲ್ಲವೂ ಸುಲಿದ ತಟ್ಟೆಗೇ ಮುಗಿಬಿದ್ದವು. ಅದು ಖಾಲಿಯಾದ ಮೇಲೆಯೇ ಸಿಪ್ಪೆಗೆ ಹಲ್ಲು ಹಚ್ಚಿದ್ದು. "ನೋಡ್ರಿ, ನಮ್ಮ ಸುಜಾತಾ ಸಮುದ್ರದಾಗ ಇದನ್ನ ನೋಡಾಕ ಹೋಗ್ಯಾಳ" ಎಂದೆ. ಪಕ್ಕದ ಮನೆಯ ಚೌಡಿಯ ಮೊಮ್ಮಗ, "ಅದಕ್ಕ ಅಷ್ಟು ದೂರ ಯಾಕ ಹೋಗಬೇಕಿತ್ರಿ ಟೀಚರ್, ಇಲ್ಲೇ ಬಂದಿದ್ರ ಆಗ್ತಿತ್ತಲ್ಲ" ಎಂದಿತು. ಅದಕ್ಕೆ ಉತ್ತರವನ್ನು ನೀನು ಬಂದಾಗ ಕೊಡು.

ಅಪ್ಪ ಹಾನಗಲ್‌ನಿಂದ ಶಿಗ್ಗಾಂವಿಯವರೆಗೂ ಟಿಕೆಟ್ ಹರಿಯುತ್ತಾ ಪ್ರತಿ ಸೀಟಿಗೂ ನಿನ್ನ ಸುದ್ದಿ ಹೇಳುತ್ತಿದ್ದಾರಂತೆ. ಹಿರೇಕೆರೂರಿನ ಶಾಲೆಯಲ್ಲಿ ಲೋಹಿತನೂ ಅಕ್ಕನ ಬಗ್ಗೆ ಭಾಷಣ ಮಾಡಿದ್ದಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನಮ್ಮ ಮನೆಯಲ್ಲಿ ಒಡಹುಟ್ಟಿದವರಿಗೂ ಮುದ್ದಾಗಿದೆ.

ನೀರಿನ ಮೇಲೆ ಇದ್ದೀ. ನಾನು ಹೆದರಿಲ್ಲ. ನಾನು ಮಾಡಬೇಕಾದ್ದನ್ನು ಮಾಡಿಯೇ ಕಳಿಸಿದ್ದೇನೆ. ಯಾರ ಕಣ್ಣೂ ತಾಗುವುದಿಲ್ಲ.

ನಿನ್ನ ಅವ್ವ


ಮೈಸೂರು
೨ ಡಿಸೆಂಬರ್ ೨೦೨೪

ಅವ್ವ,

"ಮಾಡಬೇಕಾದ್ದನ್ನು ಮಾಡಿ ಕಳಿಸಿದ್ದೇನೆ" ಎಂದು ಬರೆದಿದ್ದೀಯಲ್ಲ, ಏನು ಮಾಡಿದೆ?

ಲೆಕ್ಕ ಎಲ್ಲ ಬಂತು. ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಎತ್ತಿದ ನೀರು. ಅರ್ಧ ಬಾಟಲಿಗಳಲ್ಲಿ ಕಿಣ್ವ ತುಂಬಿ ತುಳುಕುತ್ತಿದೆ, ಇನ್ನರ್ಧದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು. ಅವುಗಳಲ್ಲಿ ಬಿಡಿ ರಂಜಕ ಎಲ್ಲಿಂದಲೋ ಬಂದು ಕೂತಿದೆ. ನಡು ಸಮುದ್ರದಲ್ಲಿ ಇರಲೇಬಾರದಷ್ಟು. ಮೇಡಂ ಕಾಗದ ಮೇಜಿನ ಮೇಲಿಟ್ಟು ನಮ್ಮ ಮಾತಿನಲ್ಲೇ ಹೇಳಿದರು: "ಒಂದ ಬಾವಿ ನೀರು ಅರ್ಧ ಸಿಹಿ, ಅರ್ಧ ಉಪ್ಪು ಅಂದ್ರ ಯಾರು ನಂಬ್ತಾರವಾ? ನಿನ್ನ ಕೈ ಸ್ವಚ್ಛ ಇಲ್ಲ. ಯಾವ ಬಾಟ್ಲಿ ಕೆಟ್ಟೈತಿ, ಯಾವುದು ಕೆಟ್ಟಿಲ್ಲ ಅಂತ ಗೊತ್ತಿಲ್ಲದ ಮ್ಯಾಲ ಎಲ್ಲಾನೂ ಚೆಲ್ಲಬೇಕು." ಫೆಬ್ರವರಿಯ ಜಾಗ ಆಸೀಮನಿಗೆ ಹೋಗುತ್ತದೆ. ಅವನು ನನಗೆ ಚಹಾ ತಂದುಕೊಟ್ಟ. ಆ ಚಹಾ ನನಗೆ ಬೈಗುಳಕ್ಕಿಂತ ಕಹಿಯಾಯಿತು.

ಬಾಟಲಿಗಳನ್ನೆಲ್ಲ ತೊಳೆದಿಟ್ಟಾಗಿತ್ತು. ತೊಳೆಯದೆ ಮೂಲೆಯಲ್ಲಿ ಉಳಿದಿದ್ದವುಗಳಲ್ಲಿ ಒಂದರ ಕಂದು ಮುಚ್ಚಳದ ಒಳಗೆ ಬೆರಳು ಹಾಕಿದೆ. ಬೆರಳಿಗೆ ಬೂದಿ ಹತ್ತಿತು. ಎಣ್ಣೆಯಲ್ಲಿ ಕಲಸಿದ ಬೂದಿ. ಮೂಸಿ ನೋಡಿದೆ. ಔಡಲ ಎಣ್ಣೆ. ನಿನ್ನ ಕೈಯ ವಾಸನೆ ನನಗೆ ಗೊತ್ತಾಗುವುದಿಲ್ಲವೇ?

ಸೆಗಣಿ ಬೂದಿಯಲ್ಲಿ ರಂಜಕ ಎಷ್ಟಿರುತ್ತದೆ ಗೊತ್ತೇ ನಿನಗೆ? ನಾನು ಅಳೆಯುವ ಸಮುದ್ರದ ನೀರಿಗೆ ಅದರ ಒಂದು ಬೊಟ್ಟು ಎಂದರೆ ಒಂದು ಹೇರು ಗೊಬ್ಬರ. ಆ ಬಾಟಲಿಗಳನ್ನು ಮುಟ್ಟಬೇಡ ಎಂದು ನಾನು ಕೈಮುಗಿದು ಹೇಳಿದ್ದೆ. ಕೈಗವಸು ಹಾಕಿಕೊಳ್ಳದೆ ನಾನೇ ಮುಟ್ಟುವುದಿಲ್ಲ. ನೀನು ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಬಿಟ್ಟೆ. ನನ್ನ ಕೆಲಸಕ್ಕೆ ಬೇರೆ ಯಾರ ಕಣ್ಣೂ ತಾಗಲಿಲ್ಲ, ನಿನ್ನ ಬೆರಳೇ ತಾಗಿತು.

ಸುಜಾತಾ


ದುಂಡಸಿ
೧೨ ಡಿಸೆಂಬರ್ ೨೦೨೪

ಕುಮಾರಿ ಸುಜಾತಾ ಅವರಿಗೆ,

ತಮ್ಮ ಪತ್ರ ತಲುಪಿತು. ಬೊಟ್ಟು ಇಟ್ಟವಳು ನಾನೇ. ಉಡಚವ್ವ ದೇವಿಯ ಗುಡಿಯ ಅಂಗಾರವನ್ನು, ತಾವು ಬರೆದ ಆ ಸೆಗಣಿ ಬೂದಿಯನ್ನೇ, ಔಡಲ ಎಣ್ಣೆಯಲ್ಲಿ ಕಲಸಿ ಇಟ್ಟದ್ದು. ಕೂಸಿನ ಕಿವಿಯ ಹಿಂದೆ ಇಡುವ ದೃಷ್ಟಿ ಬೊಟ್ಟಿನ ಹಾಗೆ ಕಾಣದಂತೆ ಇಡಬೇಕು, ಅದಕ್ಕೇ ಒಳಗೆ ಇಟ್ಟೆ. ಬಾಟಲಿಗಳನ್ನು ಮುಟ್ಟಬೇಡ ಎಂದು ತಾವು ಹೇಳಿದ್ದು ನೆನಪಿದೆ. ನಾನು ಬಾಟಲಿ ಮುಟ್ಟಿಲ್ಲ. ಮುಚ್ಚಳ ಮುಟ್ಟಿದ್ದೇನೆ.

ನನ್ನ ತವರಿನಲ್ಲಿ ಹೊಸ ಕೊಡ ನೀರಿಗೆ ಹೊರಡುವಾಗ ಕೊರಳ ಒಳಗೆ ಅಂಗಾರದ ಬೊಟ್ಟಿಡದೆ ಕಳಿಸುತ್ತಿರಲಿಲ್ಲ. ನಾನೂ ಹಾಗೆಯೇ ಕಳಿಸಿದೆ. ಇದರಿಂದ ತಮಗೆ ತೊಂದರೆಯಾಗಿದ್ದಕ್ಕೆ ವಿಷಾದಿಸುತ್ತೇನೆ.

ಇತಿ,
ಶ್ರೀಮತಿ ಉಡಚವ್ವ ಚೌಡಪ್ಪ
ಅಂಗನವಾಡಿ ಕಾರ್ಯಕರ್ತೆ, ದುಂಡಸಿ

(ಕೆಳಗೆ ಅಪ್ಪ ಬರೆಯುತ್ತಿರುವುದು. ಮಗಳೇ, ಅಂಚೆಗೆ ಹಾಕು ಎಂದು ಕೊಟ್ಟಳು, ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ನಿಂತು ಇಷ್ಟು ಸೇರಿಸಿದ್ದೇನೆ. ನಿನ್ನ ಕಾಗದ ಬಂದಾಗಿನಿಂದ ಮನೆಯಲ್ಲಿ ನನಗೂ "ತಾವು" ಎನ್ನುತ್ತಿದ್ದಾಳೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಬೀದಿಗೆ ಕೇಳುತ್ತದೆ. ಅವಳು ಎಲ್ಲ ಬಾಟಲಿಗೂ ಇಟ್ಟಿಲ್ಲ, ತಿಳಿದಿರಲಿ. ಟ್ರಂಕಿನ ಮೇಲಿನ ತಟ್ಟೆಯ ಬಾಟಲಿ ಮುಗಿಸಿ ಕೆಳಗಿನದಕ್ಕೆ ಕೈ ಹಾಕುವಷ್ಟರಲ್ಲಿ ನಾನು ಬಸ್ಸಿನಿಂದ ಸೀಟಿ ಊದಿದೆ. ಟ್ರಂಕು ಮುಚ್ಚಿ ಓಡಿ ಬಂದಳು. ಇದರಿಂದ ಏನಾದರೂ ಉಪಯೋಗವಿದ್ದರೆ ನೋಡು. — ಅಪ್ಪ)


ಮೈಸೂರು
೧೯ ಡಿಸೆಂಬರ್ ೨೦೨೪

ನನ್ನ ಅವ್ವಾ,

ಅಪ್ಪನ ಸೀಟಿಗೆ ನೂರು ಕಾಯಿ ಒಡೆಸು! ಓಡುತ್ತಾ ಬಂದು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಮೇಲಿನ ತಟ್ಟೆಯ ಬಾಟಲಿಗಳಿಗೆಲ್ಲ ನಾನು ಕೆಂಪು ಚೀಟಿ ಅಂಟಿಸಿದ್ದೆ, ಕೆಳಗಿನವಕ್ಕೆ ನೀಲಿ. ಅಪ್ಪನ ಸಾಲು ಓದಿದವಳೇ ಲೆಕ್ಕದ ಹಾಳೆ ತೆಗೆದೆ. ಕಿಣ್ವ ಇಳಿದದ್ದು ಕೆಂಪು ಚೀಟಿಯವುಗಳಲ್ಲಿ. ನೀಲಿಯವುಗಳಲ್ಲಿ ಒಂದೂ ಇಳಿದಿಲ್ಲ. ಒಂದೇ ಒಂದೂ ತಪ್ಪಿಲ್ಲ ಅವ್ವ! ತೊಳೆಯದೆ ಉಳಿದ ಮುಚ್ಚಳಗಳನ್ನು ಶುದ್ಧ ನೀರಿನಲ್ಲಿ ಅದ್ದಿ ಅಳೆದೆ. ಕೆಂಪು ಚೀಟಿಯದರಿಂದ ರಂಜಕ ಬಂತು, ನೀಲಿಯದರಿಂದ ಏನೂ ಬರಲಿಲ್ಲ.

ತಿಳಿಯಿತೇ ಏನಾಗಿದೆ ಎಂದು? ನಿನ್ನ ಅಂಗನವಾಡಿಯ ಎರಡು ತಟ್ಟೆ! ಅರ್ಧ ಬಾಟಲಿಗಳಲ್ಲಿ ಸಮುದ್ರದ ಜೀವಿಗಳಿಗೆ ಸಿಪ್ಪೆಯೇ ಗತಿ, ಅದಕ್ಕೆ ಕಿಣ್ವ ಮಾಡಿ ಒಡೆಯುತ್ತಾ ಕೂತವು. ಇನ್ನರ್ಧದಲ್ಲಿ ನಿನ್ನ ಬೊಟ್ಟು ಕರಗಿ ಬಿಡಿ ರಂಜಕ ಸಿಕ್ಕಿತು, ಅವು ಸಿಪ್ಪೆ ಒಡೆಯುವುದನ್ನೇ ಬಿಟ್ಟವು. ಹಾಗಾದರೆ ಅವು ಒಡೆಯುತ್ತಿದ್ದುದು ರಂಜಕದ ಹಸಿವಿನಿಂದಲೇ ಎಂದಾಯಿತು. ನಾನು ತೋರಿಸಬೇಕೆಂದು ಹಟ ಹಿಡಿದದ್ದೇ ಅದು.

ಮೇಡಂ ಮನೆಗೆ ಓಡಿದೆ. ಅವರು ಕನ್ನಡಕ ಹಾಕಿಕೊಂಡು ಕೆಂಪು ನೀಲಿ ಎರಡನ್ನೂ ಬೆರಳಿಟ್ಟು ಓದಿದರು. ಮತ್ತೆ ಮೇಲಿನಿಂದ ಓದಿದರು. ಆಮೇಲೆ ನಗತೊಡಗಿದರು ನೋಡು, ಕಣ್ಣಲ್ಲಿ ನೀರು ಬರುವ ತನಕ.

"ಅಲ್ಲವಾ, ನಿಮ್ಮವ್ವ ಎಲಿ ತುಂಬ ಸುಲಿದ ಶೇಂಗಾ ಬಡಿಸ್ಯಾಳ, ಅವು ಸಿಪ್ಪಿ ಯಾಕ ಮುಟ್ಟತಾವು!"

ತಕ್ಷಣ ಮುಖ ಬಿಗಿದುಕೊಂಡರು. "ಆದ್ರ ಅಕಸ್ಮಾತ್ ಆಗಿದ್ದನ್ನ ಪುರಾವೆ ಅನ್ನಾಕ ಬರಂಗಿಲ್ಲ. ಬೂದ್ಯಾಗ ರಂಜಕ ಒಂದ ಇರೂದಿಲ್ಲ, ಹತ್ತು ಇರತಾವು. ಫೆಬ್ರವರಿಗೆ ನೀನ ಹೋಗು. ಶುದ್ಧ ರಂಜಕ ಅಳತಿ ಮಾಡಿ ಅರ್ಧಕ್ಕ ಹಾಕು, ಅರ್ಧಕ್ಕ ಬಿಡು. ಅದ ಉತ್ತರ ಬಂತಂದ್ರ ನಾನ ನಿನ್ನ ಹೆಸರು ಮೊದಲು ಬರಿತೇನಿ."

ನೀನ ಹೋಗು ಎಂದರು ಅವ್ವ. ಆಸೀಮನಿಗೆ ಈ ಸಲ ನಾನೇ ಚಹಾ ಕೊಟ್ಟೆ. ಅವನೂ ಬರುತ್ತಾನೆ, ನನ್ನ ಕೈ ಕೆಳಗೆ.

ಕಳೆದ ಕಾಗದದ ಕೊನೆಯ ಸಾಲನ್ನು ಹರಿದುಬಿಡು. ಬರೆದ ಕೈಗೆ ನಾಚಿಕೆಯಾಗಿದೆ. ಮತ್ತೆ, ಆ ಅಂಗಾರವನ್ನು ಒಂದು ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಕಳಿಸು, ಅದರಲ್ಲಿ ಏನೇನಿದೆ ಎಂದು ಅಳೆಯಬೇಕಂತೆ. ಜೊತೆಗೆ ಒಂದು ಪೊಟ್ಟಣ ಕುರುಕಲು ಸವಣೂರು ಖಾರ. ಅದು ಅಳೆಯಲಿಕ್ಕಲ್ಲ, ಮೇಡಂಗೆ.

ನಿನ್ನ,
ಸುಜಾತಾ


ದುಂಡಸಿ
೧೮ ಜನವರಿ ೨೦೨೫

ಸುಜಾತಾ,

ಸಂಕ್ರಾಂತಿ ಮುಗಿಯಲಿ ಎಂದು ಕಾದೆ. ಸುಳ್ಳು. ಸಿಟ್ಟು ಇಳಿಯಲಿ ಎಂದು ಕಾದೆ. ಇನ್ನೂ ಸ್ವಲ್ಪ ಉಳಿದಿದೆ, ಆದರೂ ಬರೆಯುತ್ತಿದ್ದೇನೆ. ನನ್ನ ಅಂಗಾರ ನಿನ್ನ ಬಾಟಲಿಯಲ್ಲಿ ಹೊಲಸು, ನಿನ್ನ ಲೆಕ್ಕದ ಹಾಳೆಯಲ್ಲಿ ಹೊನ್ನು. ಚೆನ್ನಾಗಿದೆ ನಿಮ್ಮ ವಿಜ್ಞಾನ.

ಡಬ್ಬಿ ಕಳಿಸಿದ್ದೇನೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ತುಂಬಿದೆ. ಖಾರವನ್ನು ಅಪ್ಪ ಸವಣೂರಿನಲ್ಲಿ ಎರಡು ಅಂಗಡಿ ನೋಡಿ ತಂದಿದ್ದಾರೆ. ಎರಡೂ ಒಂದೇ ಚೀಲದಲ್ಲಿವೆ, ಅದಲು ಬದಲು ಮಾಡಿ ಮೇಡಂಗೆ ಬೂದಿ ತಿನ್ನಿಸಬೇಡ.

ಒಂದು ಮಾತು ನಿನಗೆ ಯಾವತ್ತೂ ಹೇಳಿಲ್ಲ. ನನಗೊಬ್ಬಳು ತಂಗಿ ಇದ್ದಳು. ನೀಲಾ. ನಮ್ಮ ತವರು ವರದಾ ನದಿಯ ದಂಡೆಯ ಮೇಲೆ ಎಂಬುದು ನಿನಗೆ ಗೊತ್ತು. ಅಲ್ಲಿಗೆ ನಾನು ನಿಮ್ಮನ್ನು ಒಮ್ಮೆಯೂ ನೀರಾಟಕ್ಕೆ ಕರೆದೊಯ್ಯಲಿಲ್ಲ ಎಂಬುದೂ ಗೊತ್ತು. ನೀಲಾ ಸಂತೆಯಿಂದ ತಂದ ಹೊಸ ಕೊಡ ತೋರಿಸುವ ಸಡಗರದಲ್ಲಿ ಬೊಟ್ಟಿಡುವ ತನಕ ನಿಲ್ಲದೆ ಹೊಳೆಗೆ ಓಡಿಹೋದಳು. ಕೊಡ ಮಾತ್ರ ಸಿಕ್ಕಿತು. ಬೊಟ್ಟು ಇದ್ದಿದ್ದರೆ ಹೊಳೆ ಬಿಡುತ್ತಿತ್ತೇ? ಇಲ್ಲ. ನಾನು ಓದಿದವಳು, ನನಗೂ ತಿಳಿಯುತ್ತದೆ. ಆದರೆ ನೀನು ಟ್ರಂಕಿನ ಬೀಗ ತೆಗೆದು ಅಷ್ಟೊಂದು ಖಾಲಿ ಬಾಟಲಿ ತೋರಿಸಿ, "ಎಲ್ಲಾ ನೀರಿಗೆ ಹೋಗ್ತಾವಬೇ" ಎಂದು ನಕ್ಕೆ. ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಈ ಸಲ ನಿನ್ನ ಟ್ರಂಕು ಮುಟ್ಟುವುದಿಲ್ಲ. ನೀನು ಈ ಕಡೆ ಬರದೆ ಸೀದಾ ಹೋಗು. ಹೆದರಿಕೆ ನನ್ನದು, ಅದನ್ನು ನಾನೇ ನೋಡಿಕೊಳ್ಳುತ್ತೇನೆ. ಗೆದ್ದು ಬಾ.

ಅವ್ವ


ಮುರಗಾಂವ ಬಂದರು
೧೧ ಮಾರ್ಚ್ ೨೦೨೫

ಅವ್ವಾ,

ಗೆದ್ದು ಬಂದೆ.

ಈಗಷ್ಟೇ ಹಡಗು ದಂಡೆಗೆ ಕಟ್ಟಿದ್ದಾರೆ. ಫೋನು ಮಾಡಬಹುದಿತ್ತು, ಆದರೆ ಇದನ್ನು ನೀನು ಕೂತು ಓದಬೇಕು.

ನಡು ಸಮುದ್ರದಲ್ಲಿ ಗಾಳಿ ನಿಂತಿತ್ತು, ನೀರು ಎಣ್ಣೆ ಸುರಿದಂತಿತ್ತು. ಅರ್ಧ ಬಾಟಲಿಗಳಿಗೆ ಆಸೀಮ ಶುದ್ಧ ರಂಜಕ ಅಳೆದು ಹಾಕಿದ, ಅರ್ಧಕ್ಕೆ ಏನೂ ಹಾಕಲಿಲ್ಲ. ಯಾವುದು ಯಾವುದೆಂದು ನನಗೆ ತಿಳಿಯದಂತೆ ಅವನೇ ಚೀಟಿ ಅಂಟಿಸಿದ, ನನ್ನ ಆಸೆ ನನ್ನ ಲೆಕ್ಕದೊಳಗೆ ಇಣುಕಬಾರದಲ್ಲ. ಎರಡು ದಿನ ಬಿಸಿಲಿಗಿಟ್ಟು ಅಳೆದೆ. ಮೇಡಂ ಹಿಂದೆ ನಿಂತು ಸವಣೂರು ಖಾರ ತಿನ್ನುತ್ತಿದ್ದರು. ಲ್ಯಾಬಿನಲ್ಲಿ ತಿನ್ನಬಾರದು ಎಂದು ಬೋರ್ಡು ಬರೆಸಿದವರೇ ಅವರು, ಅದಕ್ಕೆ ಹೊಸ್ತಿಲ ಆಚೆ ನಿಂತಿದ್ದರು. ನಾನು ಒಂದೊಂದೇ ಅಂಕಿ ಓದುತ್ತಾ ಹೋದೆ, ಆಸೀಮ ತನ್ನ ಚೀಟಿ ತೆಗೆದು "ಹಾಕಿದ್ದು", "ಹಾಕದ್ದು" ಎಂದು ಕೂಗುತ್ತಾ ಹೋದ. ಹಾಕಿದ್ದರಲ್ಲೆಲ್ಲ ಕಿಣ್ವ ಇಳಿದಿತ್ತು. ಹಾಕದ್ದರಲ್ಲೆಲ್ಲ ಕಿಣ್ವ ಏರಿತ್ತು, ಅಷ್ಟೇ ಅಲ್ಲ, ನೀರಿನಲ್ಲಿ ಕರಗಿದ್ದ ಸಾವಯವ ರಂಜಕವೂ ಆ ಮಟ್ಟಿಗೆ ಕಡಿಮೆಯಾಗಿತ್ತು. ತಿಂದಿವೆ ಅವ್ವ! ಸಿಪ್ಪೆ ಒಡೆದು ತಿಂದಿವೆ! ಖಾಲಿ ಎಂದುಕೊಂಡ ನೀರಿನಲ್ಲಿ ಅವು ಹಳೆಯದನ್ನೇ ಒಡೆದು ಮತ್ತೆ ಮತ್ತೆ ಬದುಕುತ್ತಿವೆ.

ಕೊನೆಯ ಚೀಟಿ ಓದಿದ ಮೇಲೆ ಮೇಡಂ ಖಾರದ ಪೊಟ್ಟಣ ಕಿಸೆಗೆ ಹಾಕಿ, "ನಿಮ್ಮವ್ವಗ ಬರಿ, ಅಕಿ ಅಕಸ್ಮಾತ್ ಮಾಡಿದ್ದನ್ನ ನನ್ನ ಶಿಷ್ಯಾ ಬೇಕಂತ ಮಾಡಿ ತೋರಿಸಿದ್ಲು ಅಂತ" ಎಂದರು. ಡೆಕ್ಕಿನ ಮೇಲೆ ಬಂದು ನಾನು ಚಪ್ಪಾಳೆ ತಟ್ಟಿ ಕುಣಿದೆ. ಅಡುಗೆಯವನು ಇಮ್ರಾನ ತಟ್ಟೆ ಬಡಿದ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ.

ಇನ್ನೊಂದು. ನೀನು ಕಳಿಸಿದ ಡಬ್ಬಿಯಲ್ಲಿ ಅಳೆದು ಉಳಿದ ಅಂಗಾರವಿತ್ತು. ಹಡಗು ಹತ್ತುವ ಮುಂಚೆ, ಬಂದರಿನ ಗೇಟಿನ ಹೊರಗೆ, ಒಂದು ಬೊಟ್ಟು ಕಿವಿಯ ಹಿಂದೆ ಇಟ್ಟುಕೊಂಡೆ. ಆಮೇಲೆ ಕೈ ತೊಳೆದು, ತಲೆಗೆ ಟೊಪ್ಪಿಗೆ ಹಾಕಿ, ಕೈಗವಸು ಹಾಕಿ ಹತ್ತಿದೆ. ಬಾಟಲಿಗಳಿಗೆ ಬೇಡ, ನನಗೆ ಬೇಕಿತ್ತು. ನೀಲಾ ಚಿಕ್ಕಮ್ಮನ ಹೆಸರು ಹೇಳಿಕೊಂಡೆ.

ನಿನ್ನ,
ಸುಜಾತಾ


ಮೈಸೂರು
೯ ಸೆಪ್ಟೆಂಬರ್ ೨೦೨೫

ಅವ್ವ,

ಪ್ರಬಂಧ ಒಪ್ಪಿಗೆಯಾಯಿತು. ನನ್ನ ಹೆಸರು ಮೊದಲಿದೆ, ಮೇಡಂ ಮಾತು ಉಳಿಸಿಕೊಂಡರು. ಅಪ್ಪನಿಗೆ ಹೇಳು, ಈ ಸಲ ಟಿಕೆಟ್ ಜೊತೆ ಪೇಢೆ ಹಂಚಲಿ. ನಮ್ಮ ಲ್ಯಾಬಿನಲ್ಲಿ ರಂಜಕ ಹಾಕಿದ ಬಾಟಲಿಗಳಿಗೆಲ್ಲ ಈಗ "ಅವ್ವನ ಬಾಟಲಿ" ಎಂದೇ ಹೆಸರು. ಕನ್ನಡ ಬಾರದವರೂ ಹಾಗೇ ಅನ್ನುತ್ತಾರೆ.

ನವೆಂಬರಿನಲ್ಲಿ ಬಂಗಾಳ ಕೊಲ್ಲಿಗೆ ಹೋಗುತ್ತೇವೆ. ಅಲ್ಲಿ ನದಿಗಳು ತಂದು ಸುರಿಯುವ ಸಾವಯವ ರಂಜಕ ಏನಾಗುತ್ತದೆ ಎಂದು ನೋಡಬೇಕು. ನಮ್ಮ ವರದಾ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಆ ಸಮುದ್ರಕ್ಕೆ. ಅದಕ್ಕೇ ಕೇಳುತ್ತಿದ್ದೇನೆ. ವರದಾ ನದಿಯ ನೀರು ಒಂದು ಬಾಟಲಿ ಬೇಕು. ಖಾಲಿ ಬಾಟಲಿ, ಕೈಗವಸು, ಐಸ್ ಪೆಟ್ಟಿಗೆ ಎಲ್ಲ ಪಾರ್ಸಲ್ ಮಾಡಿದ್ದೇನೆ. ಅಪ್ಪ ತುಂಬಬಹುದು, ದಸರೆಗೆ ಲೋಹಿತ ಬಂದಾಗ ಅವನೂ ತುಂಬಬಹುದು. ಯಾರಾದರೂ ಸರಿ.

ನಿನ್ನ,
ಸುಜಾತಾ


ದುಂಡಸಿ
೫ ಅಕ್ಟೋಬರ್ ೨೦೨೫

ಮಗಳೇ,

ಐಸ್ ಪೆಟ್ಟಿಗೆ ಅಪ್ಪನ ಕೈಯಲ್ಲಿ ಕಳಿಸಿದ್ದೇನೆ. ಅವರೇ ಮೈಸೂರಿಗೆ ಬರುತ್ತಿದ್ದಾರೆ, ಬೇರೆಯವರ ಕೈಗೆ ಕೊಡಲು ಒಪ್ಪಲಿಲ್ಲ. ಪೇಢೆ ಉಳಿದಿದ್ದರೆ ನಿಮಗೂ ಸಿಕ್ಕೀತು.

ಲೋಹಿತ "ನಾನು ತುಂಬ್ತೇನಿ, ಕೊಡಬೇ" ಎಂದ. ಅಪ್ಪ "ನಾನು" ಎಂದರು. ಇಬ್ಬರನ್ನೂ ಬಸ್ಸಿನ ಹತ್ತಿರವೇ ನಿಲ್ಲಿಸಿದೆ. ನೀನು "ಯಾರಾದರೂ ಸರಿ" ಎಂದು ಬರೆದದ್ದರ ಅರ್ಥ ನನಗೆ ಆಗುವುದಿಲ್ಲ ಎಂದುಕೊಂಡೆಯಾ? ನಿನ್ನನ್ನು ಹೆತ್ತವಳು ನಾನು.

ಮದುವೆಯಾಗಿ ಬಂದ ಮೇಲೆ ತವರಿನ ಹೊಳೆಯ ಆ ಮೆಟ್ಟಿಲು ಇಳಿದಿರಲಿಲ್ಲ. ಕಲ್ಲು ಅವೇ ಇವೆ. ಮಳೆ ನಿಂತಿದೆಯಾದರೂ ನೀರು ಇನ್ನೂ ಕೆಂಪಾಗಿ, ಜೋರಾಗಿ ಹರಿಯುತ್ತಿತ್ತು. ಒಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಎದ್ದೆ. ಕೈಗವಸು ಹಾಕಿಕೊಂಡೆ. ನೀನು ಬರೆದಂತೆ ಅದೇ ನೀರಿನಲ್ಲಿ ಮೂರು ಸಲ ತೊಳೆದು, ನಾಲ್ಕನೆಯ ಸಲ ಕೊರಳ ತನಕ ತುಂಬಿದೆ. ಮುಚ್ಚಳದ ಒಳಗೆ ಏನೂ ಇಲ್ಲ. ನಂಬದಿದ್ದರೆ ಬೆರಳು ಹಾಕಿ ನೋಡು, ಮೂಸಿಯೂ ನೋಡು.

"ನೀಲಾ, ನಿನ್ನ ಹೊಳಿ ನೀರು ಸಮುದ್ರಕ್ಕ ಮೊದಲಿಂದನೂ ಮುಟ್ಟತೈತಿ, ಈಗ ನನ್ನ ಮಗಳು ಅದರ ಬೆನ್ನ ಹತ್ತಿ ಹೊಂಟಾಳ, ದಾರಿ ಬಿಡು" ಎಂದು ಹೇಳಿದೆ. ಮೇಲೆ ನಿಂತಿದ್ದ ನಿಮ್ಮಪ್ಪ ಬೇರೆ ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಸೀಟಿ ಊದಿದರು. ನಾನು ಓಡಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿದೆ.

ನೀರು ತುಂಬಿಕೊಂಡು ಮೇಲೆ ಬಂದೆ, ಸುಜಾತಾ.

ನಿನ್ನ ಅವ್ವ